ಅಂಪೈರ್ ನಿಂತ ಜಾಗದಿಂದ

— ಮಾವ, ನಮ್ಮ ಜಗಳ ಮುಗಿದ ಹಾಗೆ. ಟೆಸ್ಟ್‌ನಲ್ಲಿ 100 ವಿಕೆಟ್ ದಾಟಿದವರಲ್ಲಿ ಅತಿ ಕಡಿಮೆ ಸರಾಸರಿ ಯಾರದು ಗೊತ್ತಾ? ಇಂಗ್ಲೆಂಡಿನ ಜಾರ್ಜ್ ಲೋಮನ್. 18 ಟೆಸ್ಟ್, 112 ವಿಕೆಟ್, ವಿಕೆಟ್ಟಿಗೆ 10.75 ರನ್. ಅವರ ನಂತರ ಸಿಡ್ನಿ ಬಾರ್ನ್ಸ್, 27 ಟೆಸ್ಟಿಗೆ 189 ವಿಕೆಟ್. ಇಬ್ಬರೂ ಮೊದಲ ಮಹಾಯುದ್ಧಕ್ಕೆ ಹಿಂದಿನವರು. ಅಂದ್ಮೇಲೆ ಬೌಲಿಂಗಿನ ದೊಡ್ಡ ಕಾಲ ಅದೇ ಆಯ್ತಲ್ಲ?

— ಅಂಕಿ ಸರಿಯಾಗಿದೆ. ಆದರೆ ಆ ವಿಕೆಟ್ ಯಾವ ನೆಲದ ಮೇಲೆ ಬಿದ್ದವು ಅನ್ನೋದನ್ನ ಸೇರಿಸಿ ಓದು. 1895-96ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಲೋಮನ್ 3 ಟೆಸ್ಟಿಗೆ 35 ವಿಕೆಟ್ ತೆಗೆದರು. ಪೋರ್ಟ್ ಎಲಿಜಬೆತ್‌ನಲ್ಲಿ 7 ರನ್ ಕೊಟ್ಟು 8. ಎದುರಿಗಿದ್ದವರು ಟೆಸ್ಟ್ ಅಂದರೇನು ಅಂತ ಆಗಷ್ಟೇ ಕಲೀತಾ ಇದ್ದವರು. ಬಾರ್ನ್ಸ್ ಅದೇ ದೇಶದಲ್ಲಿ 1913-14ರಲ್ಲಿ ನಾಲ್ಕೇ ಟೆಸ್ಟಿಗೆ 49 ತೆಗೆದದ್ದು ಮ್ಯಾಟಿಂಗ್ ಮೇಲೆ. ಇಂಗ್ಲೆಂಡಿನಲ್ಲಿ ಮಳೆ ಬಂದರೆ ಪಿಚ್ ನೆನೆಯೋದು, ಮಾರನೇ ದಿನ ಬಿಸಿಲಿಗೆ ಅಂಟಂಟಾಗಿ ಒಣಗೋದು. ಅಂಥ ಕಡೆ ಚೆಂಡು ಏನು ಮಾಡುತ್ತೆ ಅಂತ ಎಸೆದವನಿಗೇ ಗೊತ್ತಿರಲ್ಲ. ಬಾರ್ನ್ಸ್ ಬೇರೆ ಮಾತು. ಆಸ್ಟ್ರೇಲಿಯಾದ ಗಟ್ಟಿ ಪಿಚ್‌ಗಳಲ್ಲೂ 1911-12ರ ಸರಣಿಯಲ್ಲಿ 34 ವಿಕೆಟ್ ತೆಗೆದ ಮನುಷ್ಯ. ಯಾವ ಕಾಲದಲ್ಲಿ ಹುಟ್ಟಿದ್ದರೂ ದೊಡ್ಡ ಬೌಲರ್ ಆಗ್ತಿದ್ದರು. ಆದರೆ ಒಬ್ಬರು ದೊಡ್ಡವರಾದರೆ ಅವರ ಕಾಲವೂ ದೊಡ್ಡದಾಗಬೇಕಿಲ್ಲ.

— ಹಾಗಾದ್ರೆ 1950ರ ದಶಕ ತಗೊಳ್ಳಿ. ಲಿಂಡ್ವಾಲ್, ಮಿಲ್ಲರ್, ಟ್ರೂಮನ್, ಸ್ಟೇಥಮ್, ಟೈಸನ್. 1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಜಿಮ್ ಲೇಕರ್ ಒಂದೇ ಟೆಸ್ಟಿನಲ್ಲಿ 19 ವಿಕೆಟ್. ಅದನ್ನೂ ಪಿಚ್ ಲೆಕ್ಕಕ್ಕೆ ಬರೀತೀರಾ?

— ಇಲ್ಲ, ಅಷ್ಟೂ ಬರೆಯೋಲ್ಲ. ಅದೇ ಪಿಚ್‌ನಲ್ಲಿ ಇನ್ನೊಂದು ತುದಿಯಿಂದ ಟೋನಿ ಲಾಕ್ ಬೌಲ್ ಮಾಡಿದರು. ಅವರೂ ಸ್ಪಿನ್ನರೇ, ಸಾಮಾನ್ಯರಲ್ಲ. ಸಿಕ್ಕಿದ್ದು ಒಂದೇ ವಿಕೆಟ್. ನೆಲವೇ ಎಲ್ಲ ಕೊಡೋದಾಗಿದ್ದರೆ ಲಾಕ್‌ಗೂ ಕೊಡಬೇಕಿತ್ತು. ಆದರೆ ಆ ದಶಕದ ಇನ್ನೊಂದು ಮುಖ ನೋಡು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕರಾಚಿಯಲ್ಲಿ ಪಾಕಿಸ್ತಾನ, ಆಸ್ಟ್ರೇಲಿಯಾ ಟೆಸ್ಟ್. ಇಡೀ ಮೊದಲ ದಿನ ಆಡಿ ಎರಡೂ ತಂಡ ಸೇರಿ ಗಳಿಸಿದ್ದು 95 ರನ್. ಫಜಲ್ ಮಹಮೂದ್ ಆ ಟೆಸ್ಟಿನಲ್ಲಿ 13 ವಿಕೆಟ್ ತೆಗೆದರು, ಅದೂ ಮ್ಯಾಟಿಂಗ್ ಮೇಲೆ. 1958ರಲ್ಲಿ ಬ್ರಿಸ್ಬೇನ್‌ನಲ್ಲಿ ಟ್ರೆವರ್ ಬೈಲಿ ಏಳೂವರೆ ಗಂಟೆಗೂ ಹೆಚ್ಚು ನಿಂತು 68 ರನ್ ಮಾಡಿದರು. ಹೊಡೆಯೋದೇ ಬೇಡ ಅಂತ ಬ್ಯಾಟ್ಸ್‌ಮನ್ ತೀರ್ಮಾನ ಮಾಡಿ ಬಂದರೆ ಬೌಲರ್ ಸರಾಸರಿ ತಾನಾಗೇ ಇಳಿಯುತ್ತೆ. ಒಳ್ಳೇ ಬೌಲರ್‌ಗಳಿದ್ದರು, ಆ ಬಗ್ಗೆ ತಕರಾರಿಲ್ಲ. ಆದರೆ ಆ ಸರಾಸರಿಯಲ್ಲಿ ಬೌಲರ್ ಪಾಲೆಷ್ಟು, ಬ್ಯಾಟ್ಸ್‌ಮನ್ ಭಯದ ಪಾಲೆಷ್ಟು ಅಂತ ಬಿಡಿಸೋಕೆ ಆಗಲ್ಲ.

— ಸರಿ, ನೀವು ಎಲ್ಲಿಗೆ ಬರ್ತೀರಿ ಅಂತ ಗೊತ್ತಿದೆ. ನಮ್ಮ ನಾಲ್ವರು ಸ್ಪಿನ್ನರ್‌ಗಳು, ಚಂದ್ರ, ಪ್ರಸನ್ನ, ಬೇಡಿ, ವೆಂಕಟ್.

— ಬರದೆ ಇರೋಕೆ ಆಗುತ್ತಾ? ನನಗೆ ಹತ್ತೊಂಬತ್ತು ವರ್ಷ. 1974ರ ನವೆಂಬರ್, ನಮ್ಮ ಊರಿನ ಮೊದಲ ಟೆಸ್ಟ್. ಈಗ ಚಿನ್ನಸ್ವಾಮಿ ಅಂತ ಕರೀತೀವಲ್ಲ, ಆ ಸ್ಟೇಡಿಯಂ ಇನ್ನೂ ಪೂರ್ತಿ ಕಟ್ಟಿರಲಿಲ್ಲ. ವೆಸ್ಟ್ ಇಂಡೀಸ್ ಕಡೆ ಇಬ್ಬರು ಹೊಸ ಹುಡುಗರು, ಗ್ರಿನಿಜ್ ಮತ್ತು ವಿವಿಯನ್ ರಿಚರ್ಡ್ಸ್. ಗ್ರಿನಿಜ್ ಮೊದಲ ಟೆಸ್ಟಿನಲ್ಲೇ 93, ಆಮೇಲೆ ನೂರು. ರಿಚರ್ಡ್ಸ್ 4 ಮತ್ತು 3. ಎರಡು ಸಲವೂ ಔಟ್ ಮಾಡಿದವರು ಚಂದ್ರಶೇಖರ್. ಮುಂದೆ ಜಗತ್ತಿನ ಯಾವ ವೇಗಿಗೂ ಹೆಲ್ಮೆಟ್ ಹಾಕದ ಮನುಷ್ಯ ಅವನು. ಪೋಲಿಯೋದಿಂದ ಸೊರಗಿದ ಬಲಗೈಗೆ ಸಿಕ್ಕಿಬಿದ್ದ.

— ಆ ಟೆಸ್ಟ್ ನಾವು ಸೋತೆವು, ಮಾವ.

— ಸೋತೆವು. ನಾನು ಮುಚ್ಚಿಡ್ತಿಲ್ಲ. ಆದರೆ ಆ ನಾಲ್ವರು ಏನು ಇಟ್ಟುಕೊಂಡು ಬೌಲ್ ಮಾಡಿದರು ನೋಡು. 1967ರಲ್ಲಿ ಎಜ್‌ಬಾಸ್ಟನ್‌ನಲ್ಲಿ ನಾಲ್ವರೂ ಒಟ್ಟಿಗೆ ಆಡಿದರು. ನಾಲ್ವರೂ ಒಟ್ಟಿಗೆ ಆಡಿದ್ದು ಅದೊಂದೇ ಟೆಸ್ಟ್. ಹೊಸ ಚೆಂಡು ಹಾಕಿದ್ದು ಯಾರು? ನಮ್ಮ ಮೈಸೂರು ತಂಡದ ಸುಬ್ರಹ್ಮಣ್ಯ, ಅವರು ಮುಖ್ಯವಾಗಿ ಬ್ಯಾಟ್ಸ್‌ಮನ್. ಇನ್ನೊಂದು ತುದಿಯಿಂದ ಮೂಲ್ಕಿಯ ಬುಧಿ ಕುಂದರನ್, ಅವರು ವಿಕೆಟ್ ಕೀಪರ್! ಮುಂದೆ ಗವಾಸ್ಕರ್ ಕೂಡ ಹೊಸ ಚೆಂಡು ಹಾಕಿದ್ದುಂಟು. ಹೊಳಪು ಬೇಗ ಹೋಗಲಿ ಅಂತ ಚೆಂಡನ್ನ ನೆಲಕ್ಕೆ ಉಜ್ಜೋರು. ಲಿಲ್ಲಿಗೆ ಥಾಮ್ಸನ್ ಇದ್ದರು, ಹೋಲ್ಡಿಂಗ್‌ಗೆ ರಾಬರ್ಟ್ಸ್ ಇದ್ದರು. ನಮ್ಮವರು ಬಂದಾಗ ಇಬ್ಬರು ಓಪನರ್‌ಗಳೂ ಹಾಯಾಗಿ ನಿಂತಿರ್ತಿದ್ದರು. ಪ್ರಸನ್ನ ಸರಾಸರಿ 30 ಅಂತ ಮೂಗು ಮುರಿಯೋರಿಗೆ ಇದು ಕಾಣಲ್ಲ. ಓದಿಗೆ ಅಂತ ಐದು ವರ್ಷ ಟೆಸ್ಟ್ ಬಿಟ್ಟು ಹೋಗಿ, ಇಂಜಿನಿಯರ್ ಆಗಿ ವಾಪಸ್ ಬಂದು, 20ನೇ ಟೆಸ್ಟಿಗೆ 100 ವಿಕೆಟ್ ಮುಟ್ಟಿದ ಮನುಷ್ಯ.

— ಅವರ ಚೆಂಡು ಬ್ಯಾಟ್ಸ್‌ಮನ್ ಹತ್ರ ಬಂದು ಕೈ ಕೊಡ್ತಿತ್ತು ಅಂತಾರಲ್ಲ, ನಿಜಾನಾ?

— ಕಣ್ಣ ಮಟ್ಟಕ್ಕಿಂತ ಮೇಲೆ ಬಿಡೋರು. ಬ್ಯಾಟ್ಸ್‌ಮನ್ ಇದು ನನಗೆ ಸಿಗುತ್ತೆ ಅಂತ ಮುಂದೆ ಬರೋನು. ಬಂದ ಮೇಲೆ ಚೆಂಡು ಒಂದು ಗೇಣು ಹಿಂದೆಯೇ ಇಳಿಯೋದು. ಚೆಂಡು ಎಷ್ಟು ತಿರುಗಿತು ಅನ್ನೋದು ಆಮೇಲಿನ ಮಾತು, ಔಟ್ ಆಗೋದು ಗಾಳಿಯಲ್ಲೇ ತೀರ್ಮಾನ ಆಗ್ತಿತ್ತು. ಶಾರ್ಟ್ ಲೆಗ್‌ನಲ್ಲಿ ಸೋಲ್ಕರ್. 27 ಟೆಸ್ಟಿಗೆ 53 ಕ್ಯಾಚ್, ಹೆಲ್ಮೆಟ್ ಇಲ್ಲದೆ. 1971ರಲ್ಲಿ ಓವಲ್‌ನಲ್ಲಿ ಚಂದ್ರ 38ಕ್ಕೆ 6 ತೆಗೆದು ಇಂಗ್ಲೆಂಡನ್ನ 101ಕ್ಕೆ ಮುಗಿಸಿದರಲ್ಲ, ಆಗ ಮನೆಯಲ್ಲಿ ರೇಡಿಯೋ ಸುತ್ತ ಕೂತಿದ್ದೆವು. ನಿಮ್ಮಜ್ಜಿ ಕ್ರಿಕೆಟ್ ಏನೂ ಗೊತ್ತಿಲ್ಲದೆ ದೇವರಿಗೆ ದೀಪ ಹಚ್ಚಿದರು.

— ಹಾಗಾದ್ರೆ ನಿಮ್ಮ ತೀರ್ಪು ಅವರ ಕಾಲವೇ?

— ಅಲ್ಲ ಕಣಮ್ಮ. ನನ್ನ ಪ್ರೀತಿ ಅಲ್ಲಿದೆ. ತೀರ್ಪು ಬೇರೆ. ಅದು ಒಂದು ತಂಡದ ನಾಲ್ವರ ಕಾಲ. ಆಗ ಇಂಗ್ಲೆಂಡಿನಲ್ಲಿ ಅಂಡರ್‌ವುಡ್, ಸ್ನೋ ಇದ್ದರು, ಆಸ್ಟ್ರೇಲಿಯಾದಲ್ಲಿ 1974-75ರ ಆಶಸ್‌ನಲ್ಲಿ ಥಾಮ್ಸನ್ 33, ಲಿಲ್ಲಿ 25 ವಿಕೆಟ್ ತೆಗೆದರು. ದೊಡ್ಡವರು ಅಲ್ಲಲ್ಲಿ ಇದ್ದರು. ಎಲ್ಲ ಕಡೆ ಒಂದೇ ಸಲ ಇರಲಿಲ್ಲ.

— ಎಲ್ಲ ಕಡೆ ಇರಲೇಬೇಕು ಅನ್ನೋ ನಿಯಮ ಯಾಕೆ? ವೆಸ್ಟ್ ಇಂಡೀಸ್ ಒಂದೇ ಸಾಕಲ್ಲ. 1980ರಲ್ಲಿ ನ್ಯೂಜಿಲೆಂಡಿನಲ್ಲಿ ಸೋತ ಮೇಲೆ 1995ರ ತನಕ ಒಂದು ಟೆಸ್ಟ್ ಸರಣಿಯನ್ನೂ ಸೋಲಲಿಲ್ಲ. ಮಾರ್ಷಲ್ ಸರಾಸರಿ 20.94, ಗಾರ್ನರ್ 20.97, ಆಂಬ್ರೋಸ್ 20.99. ಕೂದಲೆಳೆ ಅಂತರ ಅಂದರೆ ಇದು! ಇಂಥ ಮೂವರನ್ನ ಹುಟ್ಟಿಸಿದ ಇನ್ನೊಂದು ತಂಡ ತೋರಿಸಿ.

— ತೋರಿಸೋಕೆ ಆಗಲ್ಲ. ಅದು ಶುರುವಾದದ್ದರಲ್ಲಿ ನಮ್ಮ ಪಾಲೂ ಇದೆ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಮೂವರು ಸ್ಪಿನ್ನರ್‌ಗಳನ್ನ ಇಟ್ಟುಕೊಂಡು ಲಾಯ್ಡ್ ನಮಗೆ 403 ಗುರಿ ಕೊಟ್ಟರು. ಗವಾಸ್ಕರ್ 102, ವಿಶ್ವನಾಥ್ 112. ನಾಲ್ಕೇ ವಿಕೆಟ್ ಕಳಕೊಂಡು ಗೆದ್ದೆವು. ಮುಂದಿನ ಟೆಸ್ಟ್ ಕಿಂಗ್‌ಸ್ಟನ್‌ನಲ್ಲಿ. ಲಾಯ್ಡ್‌ಗೆ ಸ್ಪಿನ್ ಮೇಲಿದ್ದ ನಂಬಿಕೆ ಅಲ್ಲಿಗೆ ಮುಗೀತು, ವೇಗಕ್ಕೆ ತಿರುಗಿದರು. ವಿಶ್ವನಾಥ್‌ಗೆ ಬೆರಳು ಮುರೀತು, ಗಾಯಕವಾಡ್‌ಗೆ ಕಿವಿ ಹತ್ರ ಪೆಟ್ಟು, ಬ್ರಿಜೇಶ್ ಪಟೇಲ್‌ಗೆ ಬಾಯಿಗೆ. ಎರಡನೇ ಇನಿಂಗ್ಸ್‌ನಲ್ಲಿ 97ಕ್ಕೆ 5 ವಿಕೆಟ್ ಬಿದ್ದ ಮೇಲೆ ಬ್ಯಾಟ್ ಹಿಡಿಯೋಕೆ ಯಾರೂ ಇರಲಿಲ್ಲ. ಆವತ್ತು ನನಗೆ ಬಂದ ಸಿಟ್ಟು ಬಹಳ ದಿನ ಹೋಗಲಿಲ್ಲ. ಅದನ್ನ ಇಳಿಸಿದ್ದು ಅದೇ ವರ್ಷ ಆಗಸ್ಟ್‌ನ ಓವಲ್ ಟೆಸ್ಟ್. ಬರಗಾಲದ ಬೇಸಿಗೆ, ಹುಲ್ಲಿಲ್ಲದ ಸತ್ತ ಪಿಚ್. ರಿಚರ್ಡ್ಸ್ ಒಬ್ಬನೇ 291 ಹೊಡೆದ ಪಿಚ್. ಅಲ್ಲಿ ಹೋಲ್ಡಿಂಗ್ 149 ರನ್ನಿಗೆ 14 ವಿಕೆಟ್ ತೆಗೆದರು. ಹೆಚ್ಚಿನವು ಬೌಲ್ಡ್, ಎಲ್‌ಬಿಡಬ್ಲ್ಯು. ಅಂದರೆ ಮೈಗೆ ಎಸೆಯಲಿಲ್ಲ, ಸ್ಟಂಪಿಗೆ ಎಸೆದರು.

— ಪಿಚ್ ಏನೂ ಕೊಡದಾಗ.

— ಏನೂ ಕೊಡದಾಗ. ಹೋಲ್ಡಿಂಗ್ ಓಡಿ ಬರೋದು ಅಂಪೈರ್‌ಗೆ ಕೇಳಿಸ್ತಿರಲಿಲ್ಲ ಅಂತಾರೆ. ನಾನು ಇಪ್ಪತ್ತೈದು ವರ್ಷ ಲೀಗ್ ಮ್ಯಾಚ್‌ಗಳಲ್ಲಿ ಅಂಪೈರ್ ಆಗಿ ನಿಂತೆ. ಬೌಲರ್ ಹೆಜ್ಜೆ ಸದ್ದಿನಲ್ಲೇ ದಣಿದಿದ್ದಾನೋ ಇಲ್ಲವೋ ಗೊತ್ತಾಗುತ್ತೆ. ಸದ್ದೇ ಇಲ್ಲದೆ ಆ ವೇಗ ಬರೋದು ಅಂದರೆ ಮೈ ಜುಂ ಅನ್ನುತ್ತೆ. ಮಾರ್ಷಲ್ 1984ರಲ್ಲಿ ಲೀಡ್ಸ್‌ನಲ್ಲಿ ಎಡಗೈ ಹೆಬ್ಬೆರಳು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಬಂದು, 53ಕ್ಕೆ 7 ತೆಗೆದರು. ಇಷ್ಟಾದರೂ ಒಂದು ಮಾತು ಉಳಿಯುತ್ತೆ. ಆ ಕಾಲದಲ್ಲಿ ವೆಸ್ಟ್ ಇಂಡೀಸ್ ಬ್ಯಾಟ್ಸ್‌ಮನ್ ಆ ಬೌಲರ್‌ಗಳನ್ನ ಟೆಸ್ಟಿನಲ್ಲಿ ಎದುರಿಸಲೇ ಇಲ್ಲ. ಮಿಕ್ಕವರು ಆ ಸರಣಿ ಮುಗಿದ ಮೇಲೆ ಉಸಿರು ಬಿಡಬಹುದಿತ್ತು. ಇಮ್ರಾನ್ ಇದ್ದರು, ಹ್ಯಾಡ್ಲಿ ಇದ್ದರು, ಕಪಿಲ್, ಬಾಥಮ್ ಇದ್ದರು, ಸರಿ. ಹ್ಯಾಡ್ಲಿ 374ನೇ ವಿಕೆಟ್ ತೆಗೆದು ವಿಶ್ವದಾಖಲೆ ಮಾಡಿದ್ದು ನಮ್ಮ ಚಿನ್ನಸ್ವಾಮಿಯಲ್ಲೇ, 1988ರಲ್ಲಿ. ಆದರೆ ಹ್ಯಾಡ್ಲಿ ಸ್ಪೆಲ್ ಮುಗಿದರೆ ಇನ್ನೊಂದು ತುದಿಯಲ್ಲಿ ಯಾರು? ಕಪಿಲ್ ಸ್ಪೆಲ್ ಮುಗಿದರೆ?

— ಹೌದು, ಎಲ್ಲೋ ಒಂದು ಕಡೆ ಬಿಡುವು ಸಿಗ್ತಿತ್ತು.

— ಬಿಡುವು ಸಿಗದ ಕಾಲ ಒಂದೇ. 1990ರ ಆಚೀಚೆ ಶುರುವಾಗಿ 2002ಕ್ಕೆ ಮುಗಿದದ್ದು. ಕಾವೇರಿ ಕೊಡಗಿನಿಂದ ಬರುವಾಗಲೇ ಹೊಳೆ. ಹೇಮಾವತಿ, ಕಪಿಲೆ ಸೇರಿದ ಮೇಲೆ ಅದರ ಗಾತ್ರವೇ ಬೇರೆ. ಹಾಗೆ ವೆಸ್ಟ್ ಇಂಡೀಸ್ ವೇಗ ಆಂಬ್ರೋಸ್, ವಾಲ್ಷ್ ಕೈಯಲ್ಲಿ ಇನ್ನೂ ಹರೀತಾ ಇತ್ತು. ಅದಕ್ಕೆ ಪಾಕಿಸ್ತಾನದ ರಿವರ್ಸ್ ಸ್ವಿಂಗ್ ಸೇರಿತು. 1992ರಲ್ಲಿ ದಕ್ಷಿಣ ಆಫ್ರಿಕಾ ಟೆಸ್ಟಿಗೆ ವಾಪಸ್ ಬಂತು, ಡೊನಾಲ್ಡ್ ಬಂದರು, ಹಿಂದೆ ಪೊಲಾಕ್. ಲೆಗ್ ಸ್ಪಿನ್ ಸತ್ತೇ ಹೋಗುತ್ತೆ ಅಂತಿದ್ದರು, ವಾರ್ನ್, ಕುಂಬ್ಳೆ, ಮುಷ್ತಾಕ್ ಒಟ್ಟಿಗೆ ಬಂದರು. ಶ್ರೀಲಂಕಾದಿಂದ ಮುರಳಿ. ಮೆಕ್‌ಗ್ರಾ.

— ಹೆಸರಿನ ಪಟ್ಟಿ ಯಾರು ಬೇಕಾದರೂ ಕೊಡಬಹುದು, ಮಾವ.

— ಪಟ್ಟಿ ಬೇಡ, ಎರಡು ತಿಂಗಳು ಕೊಡ್ತೀನಿ. 1999ರ ಜನವರಿ ಕೊನೆಯಿಂದ ಮಾರ್ಚ್ ಕೊನೆ. ಮೊದಲು ಚೆಪಾಕ್. ಪಾಕಿಸ್ತಾನದ ಮೊದಲ ಇನಿಂಗ್ಸ್‌ನಲ್ಲಿ ಕುಂಬ್ಳೆ 70ಕ್ಕೆ 6. ಎರಡನೆಯದರಲ್ಲಿ 275ಕ್ಕೆ 4 ಇದ್ದ ತಂಡ 286ಕ್ಕೆ ಮುಗೀತು. ವೆಂಕಟೇಶ್ ಪ್ರಸಾದ್ ಕೊನೆಯ 5 ವಿಕೆಟ್‌ಗಳನ್ನ ಒಂದೂ ರನ್ ಕೊಡದೆ ತೆಗೆದರು. ನಮಗೆ ಬೇಕಿದ್ದದ್ದು 271. ವಾಸಿಂ ಹಾಕಿದ ಒಂದು ಚೆಂಡು ದ್ರಾವಿಡ್ ಕಾಲಿನ ಕಡೆ ಬರ್ತಿದೆ ಅನ್ನಿಸಿ, ಬಿದ್ದ ಮೇಲೆ ಹೊರಗೆ ತಿರುಗಿ ಆಫ್ ಸ್ಟಂಪ್ ತಟ್ಟಿತು. ದ್ರಾವಿಡ್ ಮಾಡಿದ ತಪ್ಪು ಏನು ಅಂತ ಇವತ್ತಿಗೂ ಹುಡುಕ್ತಾ ಇದೀನಿ, ಸಿಕ್ಕಿಲ್ಲ. ತೆಂಡೂಲ್ಕರ್ ಬೆನ್ನು ನೋವಿನಲ್ಲಿ 136 ಹೊಡೆದು ಸಕ್ಲೇನ್‌ಗೆ ಔಟಾದರು. 12 ರನ್ನಿನಿಂದ ಸೋತೆವು.

— ಆಮೇಲೆ ಕೋಟ್ಲಾ.

— ಫೆಬ್ರವರಿ 7. ಕುಂಬ್ಳೆ 74ಕ್ಕೆ 10. ಒಂಬತ್ತು ಬಿದ್ದ ಮೇಲೆ ಆ ಕಡೆ ತುದಿಯಲ್ಲಿ ಶ್ರೀನಾಥ್, ಗೆಳೆಯನ ಹತ್ತನೇ ವಿಕೆಟ್ ತನ್ನ ಕೈಗೆ ಬೀಳಬಾರದು ಅಂತ ಸ್ಟಂಪಿನಿಂದ ದೂರ ದೂರ ಎಸೆದರು. ಹತ್ತು ದಿನದ ಮೇಲೆ ಕಲ್ಕತ್ತಾದಲ್ಲಿ ಅದೇ ಶ್ರೀನಾಥ್ ಒಂದೇ ಟೆಸ್ಟಿನಲ್ಲಿ 13 ವಿಕೆಟ್, ಎರಡನೇ ಇನಿಂಗ್ಸ್‌ನಲ್ಲಿ 86ಕ್ಕೆ 8. ಆದರೂ ಸೋತೆವು, ಯಾಕಂದರೆ ಆ ಕಡೆ ಶೋಯೆಬ್ ಅಖ್ತರ್ ಅನ್ನೋ ಹೊಸ ಹುಡುಗ ದ್ರಾವಿಡ್‌ರನ್ನೂ ತೆಂಡೂಲ್ಕರ್‌ರನ್ನೂ ಒಂದರ ಹಿಂದೆ ಒಂದು ಚೆಂಡಿನಲ್ಲಿ ಬೌಲ್ಡ್ ಮಾಡಿದ. ಮಾರ್ಚ್ ಕೊನೆಗೆ ಬಾರ್ಬಡೋಸ್‌ನಲ್ಲಿ ಮೆಕ್‌ಗ್ರಾ, ಗಿಲೆಸ್ಪಿ, ವಾರ್ನ್, ಮೆಕ್‌ಗಿಲ್ ನಾಲ್ವರನ್ನೂ ಎದುರಿಸಿ ಲಾರಾ 153 ಹೊಡೆದು ಒಂದು ವಿಕೆಟ್ಟಿನಿಂದ ಗೆಲ್ಲಿಸಿದರು. ಕೊನೆಗೆ ಜೊತೆಗೆ ನಿಂತಿದ್ದವರು ವಾಲ್ಷ್. ಎರಡೇ ತಿಂಗಳು ಕಣೇ! ಇಷ್ಟು ಬಗೆಯ ಬೌಲಿಂಗ್ ಎರಡು ತಿಂಗಳಲ್ಲಿ ಇನ್ಯಾವ ಕಾಲದಲ್ಲಿ ಕಂಡಿದ್ದೀಯ?

— ಅಂದರೆ ನಿಮ್ಮ ಅಳತೆ ಬಗೆ. ಎಷ್ಟು ಬಗೆಯ ಪ್ರಶ್ನೆ ಬ್ಯಾಟ್ಸ್‌ಮನ್ ಮುಂದೆ ಬಂತು ಅನ್ನೋದು.

— ಹೌದು. ಇಂಗ್ಲೆಂಡಿನ ಆಥರ್ಟನ್ ಗೊತ್ತಲ್ಲ. ಆ ದಶಕ ಪೂರ್ತಿ ಓಪನ್ ಮಾಡಿದವರು. ಮೆಕ್‌ಗ್ರಾಗೆ 19 ಸಲ ಔಟ್, ಆಂಬ್ರೋಸ್‌ಗೆ 17, ವಾಲ್ಷ್‌ಗೆ 17. ಸರಾಸರಿ 37. ಅದನ್ನ ನೋಡಿ ಸಾಧಾರಣ ಅಂದುಕೊಳ್ಳೋರಿದ್ದಾರೆ. ಅದೇ ಮನುಷ್ಯ 1995ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಡೊನಾಲ್ಡ್, ಪೊಲಾಕ್ ಎದುರು ಹತ್ತು ಗಂಟೆಗೂ ಹೆಚ್ಚು ನಿಂತು 185 ಹೊಡೆದು ಟೆಸ್ಟ್ ಉಳಿಸಿದರು. ಆ ಕಾಲದ 37 ರನ್ನಿನ ಬೆಲೆ ಕಟ್ಟೋಕೆ ಬೇರೆ ತಕ್ಕಡಿ ಬೇಕು. ಇನ್ನೊಂದು ವಿಷಯ. ಹಿಂದೆ ಚೆಂಡು ಹಳೆಯದಾದರೆ ಬ್ಯಾಟ್ಸ್‌ಮನ್‌ಗೆ ಹಬ್ಬ. ವಾಸಿಂ, ವಕಾರ್ ಅದನ್ನ ತಲೆಕೆಳಗು ಮಾಡಿದರು. ಇಮ್ರಾನ್, ಸರ್ಫರಾಜ್ ಕಲಿಸಿದ ವಿದ್ಯೆ. ಒಣ ನೆಲಕ್ಕೆ ಚೆಂಡಿನ ಒಂದು ಮಗ್ಗುಲು ಸವೆಯುತ್ತೆ, ಇನ್ನೊಂದನ್ನ ಹೊಳೆಯೋ ಹಾಗೆ ಕಾಪಾಡ್ತಾರೆ. ವೇಗವಾಗಿ ಎಸೆದರೆ ಹೊಸ ಚೆಂಡಿನ ಲೆಕ್ಕಕ್ಕೆ ತದ್ವಿರುದ್ಧ, ಹೊಳಪಿರೋ ಕಡೆಗೇ ತಿರುಗುತ್ತೆ, ಅದೂ ಕೊನೇ ಗಳಿಗೆಯಲ್ಲಿ. ವಕಾರ್ 373 ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೌಲ್ಡ್, ಎಲ್‌ಬಿಡಬ್ಲ್ಯು. ಇಂಥವರಿಗೆ ಪಿಚ್‌ನ ಹಂಗೇ ಇಲ್ಲ.

— ನನ್ನ ಕಾಲಕ್ಕೂ ನ್ಯಾಯ ಕೊಡಿ. 200 ವಿಕೆಟ್ ದಾಟಿಯೂ ಸರಾಸರಿ 20ರ ಕೆಳಗೆ ಇಟ್ಟುಕೊಂಡ ಮೊದಲ ಬೌಲರ್ ಬುಮ್ರಾ, 2024ರ ಡಿಸೆಂಬರ್, ಮೆಲ್ಬರ್ನ್. ಆ ಸರಣಿಯಲ್ಲಿ 32 ವಿಕೆಟ್. ಬುಮ್ರಾ, ಶಮಿ, ಇಶಾಂತ್ 2018ರಲ್ಲಿ ತೆಗೆದ ಒಟ್ಟು ವಿಕೆಟ್ 1984ರ ಮಾರ್ಷಲ್, ಹೋಲ್ಡಿಂಗ್, ಗಾರ್ನರ್ ಮೂವರದನ್ನ ದಾಟಿತು. ಕಮಿನ್ಸ್, ಹೇಜಲ್‌ವುಡ್, ಸ್ಟಾರ್ಕ್, ಲಯನ್ ಒಂದೇ ತಂಡದಲ್ಲಿ. ರಬಾಡ, ಆ್ಯಂಡರ್ಸನ್, ಬ್ರಾಡ್, ಬೌಲ್ಟ್. ಅಶ್ವಿನ್, ಜಡೇಜ. 2020ರಲ್ಲಿ ಅಡಿಲೇಡ್‌ನಲ್ಲಿ ನಮ್ಮವರೇ 36ಕ್ಕೆ ಆಲೌಟ್. ನೀವು ಹೇಳಿದ ಬಗೆ ಇಲ್ಲೂ ಇದೆಯಲ್ಲ?

— ಇದೆ. ಬುಮ್ರಾ ಯಾವ ಕಾಲದ ಯಾರ ಪಕ್ಕದಲ್ಲಿ ನಿಂತರೂ ತಲೆ ತಗ್ಗಿಸಬೇಕಿಲ್ಲ, ಇದನ್ನ ಮನಸ್ಸಾರೆ ಹೇಳ್ತೀನಿ. ಆದರೆ ನಿಮ್ಮ ಕಾಲದಲ್ಲಿ ಟೆಸ್ಟ್ ಬ್ಯಾಟಿಂಗ್ ತಾಳ್ಮೆ ಕಡಿಮೆಯಾಗಿದೆ, ಊರಿಗೊಂದು ಪಿಚ್ ಗೆಲ್ಲೋದಕ್ಕೆ ಅಂತಲೇ ಕಟ್ಟಿಸ್ತಾರೆ. ಸ್ಪಿನ್ನರ್‌ಗಳಿಗೆ ಡಿಆರ್‌ಎಸ್ ಬಂದಿದೆ.

— ಡಿಆರ್‌ಎಸ್ ತಪ್ಪಾ?

— ತಪ್ಪಲ್ಲ. ತಪ್ಪು ನಮ್ಮದಿತ್ತು. ನಮಗೆ ಹೇಳಿಕೊಟ್ಟದ್ದೇ ಹಾಗೆ. ಬ್ಯಾಟ್ಸ್‌ಮನ್ ಕಾಲು ಚಾಚಿ ಮುಂದೆ ಬಂದರೆ ನಾಟ್‌ಔಟ್, ಅನುಮಾನದ ಲಾಭ ಅವನದು. ನೂರಾರು ಸಲ ತಲೆ ಅಲ್ಲಾಡಿಸಿದ್ದೀನಿ. ಟಿವಿಯಲ್ಲಿ ಚೆಂಡಿನ ದಾರಿ ಗೆರೆ ಎಳೆದು ತೋರಿಸೋಕೆ ಶುರು ಮಾಡಿದ ಮೇಲೆ ನೋಡ್ತೀನಿ, ಅಂಥವು ಎಷ್ಟೋ ನೇರ ಮಧ್ಯದ ಸ್ಟಂಪಿಗೆ. ಎಷ್ಟು ಹುಡುಗರ ವಿಕೆಟ್ ನನ್ನಿಂದ ಹೋಯ್ತು ಅನ್ನೋದು ಈಗಲೂ ಕೊರೆಯುತ್ತೆ. ಪ್ರಸನ್ನ, ಬೇಡಿಗೆ ಈ ಸೌಲಭ್ಯ ಇದ್ದಿದ್ದರೆ ಅವರ ಸರಾಸರಿ ಎಷ್ಟಿರ್ತಿತ್ತು, ಹೇಳು.

— ಅದಕ್ಕೇ ಸರಾಸರಿ ಇಟ್ಟುಕೊಂಡು ಕಾಲ ಅಳೆಯೋಕೆ ಆಗಲ್ಲ ಅಂತೀರಿ. ಬಗೆ ಅಂದರೂ ನಿಮಗೆ ಕಂಡ ಬಗೆ, ನನಗೆ ಕಂಡ ಬಗೆ. ಬೇರೆ ಸಾಕ್ಷಿ ಇದೆಯಾ?

— ಇದೆ. ಆ ಕಾಲ ಮುಗಿದ ಮೇಲೆ ಏನಾಯ್ತು ನೋಡು. ಮನೆಯ ಹಿರಿಯರು ಎಷ್ಟು ಭಾರ ಹೊತ್ತಿದ್ದರು ಅಂತ ಅವರು ಹೋದ ಮೇಲೆ ತಾನೇ ತಿಳಿಯೋದು? ಆಂಬ್ರೋಸ್ 2000ದಲ್ಲಿ ನಿಲ್ಲಿಸಿದರು, ವಾಲ್ಷ್ 2001, ವಾಸಿಂ, ಡೊನಾಲ್ಡ್, ಶ್ರೀನಾಥ್ ಕೊನೆಯ ಟೆಸ್ಟ್ ಆಡಿದ್ದು 2002ರಲ್ಲಿ, ವಕಾರ್ 2003ರ ಜನವರಿ. ಅದಾಗಿ ಒಂಬತ್ತು ತಿಂಗಳಿಗೆ ಹೇಡನ್ 380. ಮುಂದಿನ ಏಪ್ರಿಲ್‌ನಲ್ಲಿ ಲಾರಾ 400. ನಡುವೆ ಮುಲ್ತಾನ್‌ನಲ್ಲಿ ಸೆಹ್ವಾಗ್ 309. ಸಿಡ್ನಿಯಲ್ಲಿ ನಾವು 7 ವಿಕೆಟ್ಟಿಗೆ 705. ಆ ಸರಣಿಯಲ್ಲಿ ಮೆಕ್‌ಗ್ರಾ ಗಾಯ, ವಾರ್ನ್ ನಿಷೇಧ, ಇಬ್ಬರೂ ಇರಲಿಲ್ಲ. ಆರೇಳು ತಿಂಗಳಲ್ಲಿ ಜಗತ್ತಿನ ಬ್ಯಾಟ್ಸ್‌ಮನ್‌ಗಳೆಲ್ಲ ಒಟ್ಟಿಗೆ ದೊಡ್ಡವರಾದರಾ?

— ಅಡಿಲೇಡ್‌ನಲ್ಲಿ ದ್ರಾವಿಡ್ 233 ಹೊಡೆದದ್ದೂ ಆಗಲೇ. ಅದನ್ನೂ ಸಣ್ಣದು ಮಾಡ್ತೀರಾ?

— ಮಾಡಲ್ಲ. 1997ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಡೊನಾಲ್ಡ್ ಎದುರು 148, 81 ಹೊಡೆದ ಹುಡುಗ ಅವನು. ಮೊದಲೇ ಪರೀಕ್ಷೆ ಪಾಸಾದವನು. ನಾನು ಹೇಳ್ತಿರೋದು ಆಮೇಲೆ ಬಂದ 50ರ ಸರಾಸರಿಗಳ ಸಾಲಿನ ಬಗ್ಗೆ.

— ಆದರೆ ಮಾವ, ಪಿಚ್‌ಗಳೂ ಆಗ ಸಪಾಟಾದವು. ಬ್ಯಾಟ್ ದಪ್ಪ ಆದವು. ಮುರಳಿ, ಮೆಕ್‌ಗ್ರಾ, ವಾರ್ನ್, ಕುಂಬ್ಳೆ ಇನ್ನೂ ಆಡ್ತಾನೇ ಇದ್ದರು. ಎಲ್ಲವನ್ನೂ ಆರು ಜನರ ನಿವೃತ್ತಿ ಮೇಲೆ ಹಾಕೋದು ಸರಿಯಾ?

— ಪೂರ್ತಿ ಹಾಕಬಾರದು, ಒಪ್ಪಿದೆ.

— ವೆಸ್ಟ್ ಇಂಡೀಸ್‌ನ ಹಳೆಯ ವೇಗಿಗಳು ಹೋದಾಗ ಹೀಗೇನೂ ಆಗಲಿಲ್ಲವಲ್ಲ?

— ಯಾಕಂದರೆ ಹೊಳೆ ನಿಲ್ಲಲಿಲ್ಲ. ಮಾರ್ಷಲ್ ಕೊನೆಯ ಟೆಸ್ಟ್ 1991ರಲ್ಲಿ ಓವಲ್‌ನಲ್ಲಿ. ಅದೇ ತಂಡದಲ್ಲಿ ಆಂಬ್ರೋಸ್, ವಾಲ್ಷ್ ಇದ್ದರು. ನಮ್ಮ ಸ್ಪಿನ್ನರ್‌ಗಳ ಕಥೆ ಹಾಗಾಗಲಿಲ್ಲ. 1978ರಲ್ಲಿ ಪಾಕಿಸ್ತಾನದಲ್ಲಿ ಜಹೀರ್ ಅಬ್ಬಾಸ್, ಮಿಯಾಂದಾದ್ ಸೇರಿ ಬೇಡಿ, ಪ್ರಸನ್ನ, ಚಂದ್ರ ಮೂವರನ್ನೂ ಚಚ್ಚಿದರು. ಪ್ರಸನ್ನ ಮತ್ತೆ ಟೆಸ್ಟ್ ಆಡಲಿಲ್ಲ. ಅದೇ ಸರಣಿಯಲ್ಲಿ ಕಪಿಲ್ ದೇವ್ ಮೊದಲ ಟೆಸ್ಟ್ ಆಡಿದರು. ಹೊಸ ಚೆಂಡಿಗೆ ಕೊನೆಗೂ ಒಬ್ಬ ಸಿಕ್ಕಾಗ ಆ ಹಿರಿಯರ ಕೈ ದಣಿದಿತ್ತು. ಎರಡೂ ಐದು ವರ್ಷ ಒಟ್ಟಿಗೆ ಇದ್ದಿದ್ದರೆ ಅಂತ ಎಷ್ಟು ಸಲ ಅಂದುಕೊಂಡಿದ್ದೀನೋ.

— ನಾಳೆ ಬೆಳಿಗ್ಗೆ ನೆಟ್ಸ್‌ಗೆ ಬರ್ತೀರಾ? ಆ ಒಂದು ಗೇಣು ಹಿಂದೆ ಬೀಳೋ ಚೆಂಡು ಬೇಕು ನನಗೆ. ನಾನು ಹಾಕಿದರೆ ಉದ್ದ ಹೋಗಿ ಫುಲ್‌ಟಾಸ್ ಆಗ್ತಿದೆ.

— ನೀನು ಕೈ ಇಳಿಸ್ತೀಯ, ಅದಕ್ಕೆ. ಬೆರಳಲ್ಲಿ ಜೋರಾಗಿ ತಿರುವು, ಮೇಲಕ್ಕೆ ಬಿಡು, ಮಿಕ್ಕದ್ದು ಚೆಂಡಿಗೆ ಬಿಡು. ಹೊಸದು ಬೇಡ, ಮೂವತ್ತು ಓವರ್ ಆಡಿದ ಚೆಂಡು ತಗೊಂಡು ಬಾ. ನಾನು ಸ್ಟಂಪ್ ಹಿಂದೆ ನಿಂತು ನೋಡ್ತೀನಿ.

— ಬ್ಯಾಟ್ ಹಿಡಿದವಳು ಕಾಲು ಚಾಚಿ ಮುಂದೆ ಬಂದು ಪ್ಯಾಡಿಗೆ ತಗೊಂಡರೆ?

— ಸ್ಟಂಪಿಗೆ ಹೋಗೋ ಹಾಗಿದ್ದರೆ ಬೆರಳು ಎತ್ತುತ್ತೀನಿ.